ಹುಸಿ ರಕ್ತ ಸುರಿದು ಕಲಿಸಿದೆ: ಹೆರಿಗೆ ಕೋಣೆಯ ನನ್ನ ಅನುಭವ

ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ತಿಂಗಳಿಗೆ ನೂರರ ಆಸುಪಾಸು ಹೆರಿಗೆ. ಹೆರಿಗೆಯ ನಂತರದ ರಕ್ತಸ್ರಾವವೆಂದು ಜಿಲ್ಲಾ ಕೇಂದ್ರಕ್ಕೆ ಕಳುಹಿಸುತ್ತಿದ್ದ ಬಾಣಂತಿಯರು ಹಿಂದೆ ತಿಂಗಳಿಗೆ ಮೂವರೋ ನಾಲ್ವರೋ ಇರುತ್ತಿದ್ದರು. ಈಗ ಎರಡು ತಿಂಗಳಿಗೆ ಒಬ್ಬರು ಹೋದರೆ ಹೆಚ್ಚು. ಹೊಸ ವೈದ್ಯರು ಬಂದಿಲ್ಲ, ಹೊಸ ಯಂತ್ರವೂ ಇಲ್ಲ, ಸಿಬ್ಬಂದಿಯಲ್ಲಿ ಒಬ್ಬರು ಕಡಿಮೆಯೇ ಆಗಿದ್ದಾರೆ. ನಾನು ಕಲಿಸುವ ರೀತಿಯನ್ನು ಬದಲಿಸಿದೆ, ಅಷ್ಟೇ. ಅಂದು ಇದನ್ನು ಕಂಡು ಮೂಗು ಮುರಿದಿದ್ದವರೇ ಇಂದು ತಮ್ಮ ಸಿಬ್ಬಂದಿಗೂ ಹೇಳಿಕೊಡಿ ಎಂದು ಕೇಳುತ್ತಿದ್ದಾರೆ. ಮಾಸು ತೆಗೆಯುವ ಕ್ರಮ, ಮಗು ಹುಟ್ಟಿದ ಒಂದು ನಿಮಿಷದೊಳಗೆ 10 ಯೂನಿಟ್ ಆಕ್ಸಿಟೋಸಿನ್ (ಗರ್ಭಕೋಶ ಬಿಗಿಯಾಗಿಸಿ ರಕ್ತಸ್ರಾವ ತಡೆಯುವ ಚುಚ್ಚುಮದ್ದು) ಇವೆಲ್ಲ ಓದುವವರಿಗೆ ಗೊತ್ತಿರುವುದರಿಂದ ಅವನ್ನು ಬಿಟ್ಟು ಮುಂದೆ ಹೋಗುತ್ತೇನೆ.

ಚಿಕ್ಕಬಳ್ಳಾಪುರ ಜಿಲ್ಲೆಯ ಗಡಿಯ ಕಡೆಯವರು ನಾವು. ಆಂಧ್ರದ ಹಳ್ಳಿಗಳಿಂದಲೂ ಗರ್ಭಿಣಿಯರು ಬರುತ್ತಾರೆ. ಕೆಲವರ ಬಳಿ ತಾಯಿ ಕಾರ್ಡ್ ಇರುವುದಿಲ್ಲ, ಹಿಮೋಗ್ಲೋಬಿನ್ ಏಳು, ಎಂಟು, ಅಂದರೆ ರಕ್ತಹೀನತೆ. ಅಂಥವಳಿಗೆ 500 ಮಿಲಿ ರಕ್ತ ಹೋಗುವವರೆಗೆ ಕಾಯುತ್ತ ಕುಳಿತರೆ ಕೈಮೀರಿತು ಎಂದೇ ಅರ್ಥ. ಜಿಲ್ಲಾ ಕೇಂದ್ರಕ್ಕೆ ಮುಕ್ಕಾಲು ಗಂಟೆಯ ದಾರಿ, 108 ಬೇರೆ ಕರೆಗೆ ಹೋಗಿದ್ದರೆ ಇನ್ನೂ ಹೆಚ್ಚು.

ಮೊದಲಿನ ಪದ್ಧತಿ ನಿಮಗೆಲ್ಲ ಗೊತ್ತು. ಜಿಲ್ಲಾ ಮಟ್ಟದ ತರಬೇತಿಗೆ ಇಬ್ಬರನ್ನು ಕಳುಹಿಸಿ ಎಂದು ಆದೇಶ ಬರುತ್ತದೆ. ಇಬ್ಬರು ಹೋಗುತ್ತಾರೆ, ಪರದೆಯ ಮೇಲೆ ಪಾಠ ನೋಡುತ್ತಾರೆ, ಊಟ ಮಾಡಿ, ಸಹಿ ಹಾಕಿ, ಫೈಲು ಹಿಡಿದು ಬರುತ್ತಾರೆ. ಆರು ತಿಂಗಳೊಳಗೆ ಅವರಲ್ಲಿ ಒಬ್ಬರಿಗೆ ನಿಯೋಜನೆಯಾಗುತ್ತದೆ, ಗುತ್ತಿಗೆಯವರಾದರೆ ಬೇರೆ ಕೆಲಸ ಸಿಕ್ಕಿ ಬಿಟ್ಟೇ ಹೋಗುತ್ತಾರೆ. ಕಲಿತದ್ದು ಅವರೊಂದಿಗೇ ಹೋಗುತ್ತದೆ. ನಾನೂ ಭಾನುವಾರಗಳಲ್ಲಿ ಪ್ರೊಜೆಕ್ಟರ್ ಹಾಕಿ ಪಾಠ ಮಾಡಿ ನೋಡಿದೆ. ರಾತ್ರಿ ಪಾಳಿ ಮುಗಿಸಿದವರು ಕುಳಿತಲ್ಲೇ ನಿದ್ದೆ ಹೋದರು, ರಜೆಯಲ್ಲಿದ್ದವರು ಬರಲೇ ಇಲ್ಲ. ಚಹಾ, ಬಿಸ್ಕತ್ತಿಗೆ ನನ್ನ ಕೈಯಿಂದ ಎರಡು ಸಾವಿರದಷ್ಟು ಹೋಯಿತು.

ಆಮೇಲೆ ಹಿಡಿದ ದಾರಿ ಇದು. ಮಧ್ಯಾಹ್ನ ಎರಡಕ್ಕೆ ಮತ್ತು ರಾತ್ರಿ ಎಂಟಕ್ಕೆ ಪಾಳಿ ಬದಲಾಗುವಾಗ ಎರಡೂ ಪಾಳಿಯವರು ಒಂದೇ ಕೋಣೆಯಲ್ಲಿರುತ್ತಾರೆ. ಆ ಹತ್ತು ನಿಮಿಷದಲ್ಲಿ, ಹೆರಿಗೆ ಮೇಜಿನ ಪಕ್ಕದಲ್ಲೇ, ಒಂದೇ ಒಂದು ವಿಷಯ. ಮೊದಲ ವಿಷಯ ರಕ್ತದ ಅಳತೆ. ಹಳೆಯ ಸೀರೆಯ ತುಂಡು ಮತ್ತು ಎರಡು ಪ್ಯಾಡಿನ ಮೇಲೆ 300 ಮಿಲಿ ಹುಸಿ ರಕ್ತ ಸುರಿದು, ಎಷ್ಟಿದೆ ಎಂದು ಚೀಟಿಯಲ್ಲಿ ಬರೆಯಿಸಿದೆ. ನೂರು ಎಂದರು, ನೂರೈವತ್ತು ಎಂದರು. ಒಬ್ಬ ವೈದ್ಯರು ಇನ್ನೂರಕ್ಕೆ ನಿಂತರು. ಸರಿಯಾಗಿ ಹೇಳಿದ್ದು ಹೊರಗುತ್ತಿಗೆಯ ಆಯಮ್ಮ ಒಬ್ಬರೇ. 'ಒಂದೂವರೆ ಲೋಟ ಇದೆ ಸಿಸ್ಟರ್' ಎಂದರು. ದಿನವೂ ಒದ್ದೆ ಬಟ್ಟೆಯನ್ನು ಎತ್ತಿ ಹಿಂಡುವವರು ಅವರಲ್ಲವೇ! ಅಂದಿನಿಂದ ಆಯಮ್ಮಂದಿರಿಲ್ಲದೆ ತರಬೇತಿ ನಡೆಸಿಲ್ಲ. ಇದಕ್ಕೆ ಕೆಲವು ಸಿಸ್ಟರ್‌ಗಳು ಮುಖ ಗಂಟಿಕ್ಕಿದ್ದುಂಟು. ನಾನು ಬಗ್ಗಲಿಲ್ಲ.

ಹುಸಿ ರಕ್ತ ತಯಾರಿಸುವುದಕ್ಕೇ ವಾರಗಟ್ಟಲೆ ಹಿಡಿಯಿತು. ಬೀಟ್‌ರೂಟ್ ರಸ ಮರುದಿನಕ್ಕೆ ಹುಳಿ ವಾಸನೆ ಹೊಡೆಯಿತು, ಇರುವೆ ಮುತ್ತಿತು, ಮೇಜಿನ ರೆಕ್ಸಿನ್ ಮೇಲೆ ಕಲೆ ಉಳಿಯಿತು. ಕುಂಕುಮದ ನೀರು ತಳಕ್ಕೆ ಕೂರುತ್ತದೆ. ಬರೀ ಬಣ್ಣದ ನೀರನ್ನು ಬಟ್ಟೆ ಬಲು ಬೇಗ ಹೀರಿಕೊಳ್ಳುತ್ತದೆ, ರಕ್ತದ ಹಾಗೆ ಮೇಲೆ ನಿಲ್ಲುವುದಿಲ್ಲ. ಕೊನೆಗೆ ತೆಳು ರಾಗಿ ಗಂಜಿಗೆ ಅಡುಗೆಯ ಕೆಂಪು ಬಣ್ಣ ಸೇರಿಸಿದಾಗ ಹದ ಬಂತು. ಗರಣೆ ಕಟ್ಟಿದಂತೆ ಕಾಣಲು ಇನ್ನೊಂದು ವಸ್ತು ಹಾಕುತ್ತೇನೆ, ಅದು ನನ್ನಲ್ಲೇ ಇರಲಿ. ಬಂದು ನೋಡಿದವರಿಗೆ ತೋರಿಸುತ್ತೇನೆ.

ಅಳೆಯುವ ಹಾಳೆಯ ಕಥೆ ಇದಕ್ಕಿಂತ ಉದ್ದ. ಹಾಳೆ ಎಂದರೆ ಬಾಣಂತಿಯ ಕೆಳಗೆ ಹಾಸುವ ಪ್ಲಾಸ್ಟಿಕ್, ಅದರ ತುದಿಯಲ್ಲಿ ರಕ್ತ ಹಿಡಿಯುವ ಅಳತೆ ಗೆರೆಯ ಚೀಲ. ಹಾಳೆಯಲ್ಲಿ ರಕ್ತ ಹಿಡಿದು ಅಳೆಯುವುದು ಹೊರದೇಶದಿಂದ ಬಂದ ಫ್ಯಾಷನ್ ಎಂದುಕೊಂಡಿದ್ದ ವೈದ್ಯರಿಗೆ ನಾನು ಬೆಳಗಾವಿಯ ಮಾತು ಹೇಳಿದೆ. ಬೆಳಗಾವಿ ಜಿಲ್ಲೆಯಲ್ಲಿ ನಡೆದ ಮಿಸೊಪ್ರೊಸ್ಟಾಲ್ (ರಕ್ತಸ್ರಾವ ತಡೆಯುವ ಮಾತ್ರೆ) ಸಂಶೋಧನೆಗೆಂದೇ ಅಳತೆ ಗೆರೆಯ ಇಂಥ ಚೀಲವನ್ನು ಸಿದ್ಧಪಡಿಸಿದ್ದರು. ಕಣ್ಣಂದಾಜು ಚೀಲದ ಅಳತೆಗಿಂತ ಶೇ 33ರಷ್ಟು ಕಡಿಮೆ ಬರುತ್ತದೆ ಎಂದು 2006ರಲ್ಲೇ ಪ್ರಕಟಿಸಿದ್ದರು. 2023ರಲ್ಲಿ ಬಂದ ಇ-ಮೋಟಿವ್ ಅಧ್ಯಯನವನ್ನೂ ಮುಂದಿಟ್ಟೆ. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳನ್ನು ನೋಡಿದ ಅಧ್ಯಯನ ಅದು. ಅಳೆದು, ಚಿಕಿತ್ಸೆಯನ್ನೆಲ್ಲ ಒಟ್ಟಿಗೇ ಆರಂಭಿಸಿದ ಕಡೆ ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ತೆರೆಯುವ ಶಸ್ತ್ರಕ್ರಿಯೆ, ಸಾವು ಈ ಮೂರೂ ಸೇರಿ ಶೇ 60ರಷ್ಟು ಕಡಿಮೆಯಾದವು. ವೈದ್ಯರು ಓದಿ, ಮರುಮಾತಿಲ್ಲದೆ ಒಪ್ಪಿದರು.

ಒಪ್ಪಿಗೆ ಸಿಕ್ಕಿತು, ಹಣ ಸಿಗಲಿಲ್ಲ. ಸಿದ್ಧ ಹಾಳೆ ತರಿಸಿದರೆ ಒಂದಕ್ಕೆ ನೂರೈವತ್ತು, ಇನ್ನೂರು ಎಂದರು. ತಿಂಗಳಿಗೆ ನೂರು ಹೆರಿಗೆಗೆ ಯಾರು ಕೊಡುತ್ತಾರೆ? ಟಾರ್ಪಾಲ್ ಅಂಗಡಿಯಿಂದ ದಪ್ಪ ಪ್ಲಾಸ್ಟಿಕ್ ತಂದು ದರ್ಜಿಯಿಂದ ಹೊಲಿಸಿದೆ. ಸೂಜಿಯ ತೂತುಗಳಲ್ಲೆಲ್ಲ ಸೋರಿತು. ಟೇಪು ಅಂಟಿಸಿದರೆ ಬೆಚ್ಚಗಿನ ರಕ್ತಕ್ಕೆ ಬಿಟ್ಟುಕೊಂಡಿತು. ತಿಂಡಿ ಪೊಟ್ಟಣ ಮಾಡುವ ಅಂಗಡಿಯ ಸೀಲಿಂಗ್ ಯಂತ್ರದಲ್ಲಿ ಅಂಚು ಬೆಸೆಯಿಸಿದ ಮೇಲೆ ಸರಿಹೋಯಿತು. ಇಷ್ಟು ಹೊತ್ತಿಗೆ ಆರೇಳು ಸಾವಿರ ನನ್ನ ಸಂಬಳದಿಂದ ಹೋಗಿತ್ತು. ಆರೋಗ್ಯ ರಕ್ಷಾ ಸಮಿತಿಯಿಂದ ಹದಿನೈದು ಸಾವಿರದಷ್ಟು ಮಂಜೂರಾಗಿದ್ದು ಆಮೇಲೆ, ಅದೂ ಜಿಎಸ್‌ಟಿ ಬಿಲ್ ಇಲ್ಲವೆಂದು ಎರಡು ಸಲ ವಾಪಸಾಗಿ. ನನ್ನ ಕೈಯಿಂದ ಹೋದದ್ದು ಬರಲಿಲ್ಲ.

ಗೆರೆ ಹಾಕುವಾಗ ಒಂದು ಮಾತು ನೆನಪಿಡಿ. ಚೀಲವನ್ನು ನೆಲದ ಮೇಲಿಟ್ಟು ಅಳೆದರೆ ಲೆಕ್ಕ ತಪ್ಪುತ್ತದೆ. ಮೇಜಿನ ಅಂಚಿನಿಂದ ತೂಗುಬಿಟ್ಟು, ಪ್ರಯೋಗಾಲಯದ ಅಳತೆ ಜಾಡಿಯಿಂದ ನೂರು ನೂರು ಮಿಲಿ ನೀರು ಹಾಕುತ್ತ ಗುರುತಿಸಬೇಕು. 300ಕ್ಕೆ ಹಳದಿ, 500ಕ್ಕೆ ಕೆಂಪು. ಹಳದಿ ಮುಟ್ಟಿದಾಗ ನಾಡಿ, ಬಿಪಿ ನೋಡಿ, ಏರುಪೇರಿದ್ದರೆ ಅಲ್ಲೇ ಚಿಕಿತ್ಸೆ ಶುರು ಮಾಡುತ್ತೇವೆ. ಕೆಂಪಿಗೆ ಬಂದರೆ ಬೇರೇನೂ ನೋಡದೆ ನೇರ ಚಿಕಿತ್ಸೆಗೆ ಇಳಿಯುತ್ತೇವೆ. ಹಾಳೆ ಹಾಸುವುದು ಮಗು ಬಂದ ಮೇಲೆ, ನೆತ್ತಿನೀರು (ಗರ್ಭದಲ್ಲಿ ಮಗುವಿನ ಸುತ್ತಲಿದ್ದ ನೀರು) ಹರಿದುಹೋದ ನಂತರ. ಮೊದಲೇ ಹಾಸಿದವರಿಗೆ ಎಲ್ಲ ಹೆರಿಗೆಯೂ ರಕ್ತಸ್ರಾವವಾಗಿಯೇ ಕಾಣುತ್ತದೆ. ಹಾಳೆ ಮುಗಿದ ದಿನ ತಕ್ಕಡಿ ಇದೆ. ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿ, ಎಂಟುನೂರೋ ಒಂಬೈನೂರೋ ಕೊಟ್ಟಿದ್ದು. ಒದ್ದೆ ಪ್ಯಾಡಿನ ತೂಕದಿಂದ ಒಣ ಪ್ಯಾಡಿನ ತೂಕ ಕಳೆದರೆ ಸುಮಾರಾಗಿ ಗ್ರಾಂಗೆ ಒಂದು ಮಿಲಿ.

ಆಮೇಲೆ ಇಡೀ ಅಣಕು ಪ್ರಸಂಗ. ಒಬ್ಬ ಸಿಸ್ಟರ್ ಮೇಜಿನ ಮೇಲೆ ಬಾಣಂತಿಯಾಗಿ ಮಲಗುತ್ತಾರೆ. ಸೀರೆಯೊಳಗೆ ಖಾಲಿ ಸಲೈನ್ ಬಾಟಲಿಯಲ್ಲಿ ಹುಸಿ ರಕ್ತ, ಡ್ರಿಪ್ ನಳಿಕೆಯಿಂದ ಅವರೇ ಹರಿವನ್ನು ಏರಿಸುತ್ತಾರೆ, ಇಳಿಸುತ್ತಾರೆ. ಗರ್ಭಕೋಶದ ಬದಲಿಗೆ ಕೆಟ್ಟುಹೋದ ಬಿಪಿ ಉಪಕರಣದ ರಬ್ಬರ್ ಚೀಲವನ್ನು ಸುತ್ತಿಟ್ಟಿದ್ದೇನೆ, ಗಾಳಿ ಒತ್ತಿದರೆ ಗಟ್ಟಿ, ಬಿಟ್ಟರೆ ಮೆತ್ತಗೆ. ಖರ್ಚು ಸೊನ್ನೆ. ತರಬೇತಿಗೆಂದು ತರಿಸುವ ಗೊಂಬೆಯ ಬೆಲೆ ಕೇಳಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಮೊದಲ ಅಣಕು ಪ್ರಸಂಗದಲ್ಲೇ ಒಂದು ಸತ್ಯ ಹೊರಬಿತ್ತು. ಎರಡನೇ ಡೋಸ್ ಆಕ್ಸಿಟೋಸಿನ್ ಕೈಗೆ ಬರಲು ಏಳೆಂಟು ನಿಮಿಷ ಹಿಡಿಯಿತು. ಫ್ರಿಜ್ ಔಷಧಾಲಯದಲ್ಲಿ, ಅದಕ್ಕೆ ಬೀಗ, ಕೀಲಿ ಇನ್ನೊಬ್ಬರ ಜೇಬಿನಲ್ಲಿ. ಎಷ್ಟು ಸಭೆಗಳಲ್ಲಿ ಕುಳಿತರೂ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕೆಲವು ವಾರ ಲಸಿಕೆ ಪೆಟ್ಟಿಗೆಯಲ್ಲಿ ಐಸ್ ಪ್ಯಾಕ್ ಇಟ್ಟು ನಿಭಾಯಿಸಿದೆವು. 2ರಿಂದ 8 ಡಿಗ್ರಿ ಕಾಯಲು ದಿನಕ್ಕೆ ಎರಡು ಸಲ ಪ್ಯಾಕ್ ಬದಲಿಸಬೇಕಿತ್ತು. ಕೊನೆಗೆ ಊರಿನ ಹಿರಿಯರೊಬ್ಬರು ಚಿಕ್ಕ ಫ್ರಿಜ್ ಕೊಡಿಸಿದರು, ಹತ್ತು ಸಾವಿರದೊಳಗೆ. ಈಗ ಆಕ್ಸಿಟೋಸಿನ್ ಹೆರಿಗೆ ಕೋಣೆಯಲ್ಲೇ ಇದೆ. ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್, ರಕ್ತನಾಳಕ್ಕೆ ಚುಚ್ಚುವ ದಪ್ಪ ಕ್ಯಾನುಲಾ, ಡ್ರಿಪ್ ಸೆಟ್ ಪಕ್ಕದ ಕೆಂಪು ಡಬ್ಬಿಯಲ್ಲಿ.

ಬಾಣಂತಿಯ ಜೊತೆಗಿರುವ ತಾಯಿ, ಅತ್ತೆಯರಿಗೂ ಕಲಿಸಿದ್ದು ಬೇರೆಯೇ ಪ್ರಯೋಗ. ವಾರ್ಡಿಗೆ ಬಂದ ಮೇಲೆ ರಾತ್ರಿ ಒಬ್ಬ ಸಿಸ್ಟರ್ ಎಷ್ಟು ಜನರನ್ನು ಮುಟ್ಟಿ ನೋಡಲು ಸಾಧ್ಯ? ಹೊಕ್ಕುಳ ಕೆಳಗೆ ಕೈಯಿಡಿಸಿ, ಗರ್ಭಕೋಶ ತೆಂಗಿನಕಾಯಿಯಂತೆ ಗಟ್ಟಿಯಾಗಿದ್ದರೆ ಸರಿ, ಮೆತ್ತಗಾದರೆ ಕೂಗಿ ಎಂದು ಹೇಳಿಕೊಟ್ಟೆ. ಗೋಡೆಗೆ ಚಿತ್ರ ಅಂಟಿಸಿದ್ದು ಉಪಯೋಗಕ್ಕೆ ಬರಲಿಲ್ಲ. ಅವರ ಕೈ ಹಿಡಿದು ಇಡಿಸಿದ್ದು ಬಂತು. ಒಬ್ಬ ಅಜ್ಜಿ ನಡುರಾತ್ರಿ ಓಡಿಬಂದು ಕರೆದದ್ದರಿಂದಲೇ ಒಬ್ಬ ತಾಯಿ ಉಳಿದಳು ಎಂದು ನಾನು ಇಂದಿಗೂ ನಂಬಿದ್ದೇನೆ.

ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರ್‌ಗಳದ್ದು ಇನ್ನೊಂದು ಕಷ್ಟ. ತಿಂಗಳಿಗೆ ಎರಡು ಮೂರು ಹೆರಿಗೆಯಾದರೆ ಕೈ ತುಕ್ಕು ಹಿಡಿಯುತ್ತದೆ. ಅವರನ್ನು ಒಂದು ವಾರ ನಮ್ಮಲ್ಲಿ ಪಾಳಿಗೆ ಹಾಕಿ ಎಂದೆ. ಅಲ್ಲಿ ಯಾರು ಇರುತ್ತಾರೆ ಎಂಬ ಪ್ರಶ್ನೆ ಬಂತು. ನಮ್ಮವರೊಬ್ಬರನ್ನು ಅಲ್ಲಿಗೆ ಕಳುಹಿಸಿ ಅದಲುಬದಲು ಮಾಡಿಸಿದೆ. ನಮ್ಮವರನ್ನು ಹೋಗಲು ಹೇಗೆ ಒಪ್ಪಿಸಿದೆ ಎಂಬುದನ್ನು ಬರೆದರೆ ಮುಂದಿನ ಸಲ ಯಾರೂ ಹೋಗಲಾರರು. ಇಲ್ಲಿ ಪಳಗಿ ಹೋದವರಲ್ಲಿ ಇಬ್ಬರು ಈಗ ತಮ್ಮ ಕೇಂದ್ರದಲ್ಲೇ ಹಾಳೆ ಹಾಸುತ್ತಾರೆ.

ಸದ್ಯ ಹಾಳೆ ಒಂದಕ್ಕೆ ನಲವತ್ತು ರೂಪಾಯಿಯ ಹತ್ತಿರ ಬೀಳುತ್ತಿದೆ. ಗೆರೆಯ ಶಾಯಿ ಸ್ಪಿರಿಟ್ ತಾಗಿದರೆ ಅಳಿಸುತ್ತಿತ್ತು, ಈಗ ಗೆರೆಯನ್ನು ಒಳಗಿಟ್ಟು ಬೆಸೆಯಿಸುತ್ತೇವೆ. ಬಳಸಿದ ಹಾಳೆ ಆಸ್ಪತ್ರೆ ಕಸದ ಕೆಂಪು ಚೀಲಕ್ಕೆ. ಅಭ್ಯಾಸದ ಪ್ಯಾಡುಗಳಿಗೆ ಬೇರೆ ಬಕೆಟ್ ಇಟ್ಟಿದ್ದೇವೆ, ಇಲ್ಲವಾದರೆ ನಿಜವಾದ ರಕ್ತದ ಪ್ಯಾಡುಗಳಿಗಿರುವ ಹಳದಿ ಚೀಲಗಳು ಸುಮ್ಮನೆ ತುಂಬುತ್ತವೆ. ಮುಂದಿನ ತಿಂಗಳಿನಿಂದ ಗರ್ಭನಂಜು (ಬಿಪಿ ಏರಿ ಫಿಟ್ಸ್ ಬರುವ ಸ್ಥಿತಿ) ಬಂದ ಗರ್ಭಿಣಿಗೆ ಮ್ಯಾಗ್ನೀಸಿಯಂ ಸಲ್ಫೇಟ್ ಕೊಡುವ ಅಭ್ಯಾಸ: ರಕ್ತನಾಳಕ್ಕೆ 4 ಗ್ರಾಂ, ಎರಡೂ ಪಿರ್ರೆಗೆ ಐದೈದು ಗ್ರಾಂ. ನಾಳಕ್ಕೆ ಕೊಡುವುದಕ್ಕೆ ಔಷಧಿಯನ್ನು ತೆಳು ಮಾಡುವಲ್ಲೇ ಎಲ್ಲರ ಕೈ ನಡುಗುತ್ತದೆ. ಅಭ್ಯಾಸಕ್ಕೆಂದು ಖಾಲಿ ಆಂಪೂಲುಗಳನ್ನು (ಔಷಧಿಯ ಪುಟ್ಟ ಕುಪ್ಪಿ) ಈಗಾಗಲೇ ಕೂಡಿಡುತ್ತಿದ್ದೇನೆ.