ಕಣದ ದೂಳು, ಮಳೆಯ ಥಂಡಿ: ಮೊಬೈಲ್‌ಗೆ ಟೆಂಪರ್ಡ್ ಗ್ಲಾಸ್ ಅಂಟಿಸುವುದು ಹೇಗೆ?

ಮಡಿಕೇರಿ, ಗೋಣಿಕೊಪ್ಪ, ಕುಶಾಲನಗರ, ಎಲ್ಲೇ ಹೊಸ ಫೋನ್ ಕೊಂಡರೂ ಅಂಗಡಿಯವರು ಕೇಳುವ ಮಾತು ಒಂದೇ: "ಟೆಂಪರ್ ಹಾಕಿಬಿಡ್ಲಾ ಸಾರ್?" ಹೂಂ ಅನ್ನುವಷ್ಟರಲ್ಲಿ ಪರದೆ ಕಾಯುವ ಆ ತೆಳು ಗಾಜು, ಅಂದರೆ ಟೆಂಪರ್ಡ್ ಗ್ಲಾಸ್, ಅಂಟಿ ಆಗಿರುತ್ತದೆ. ನಮಗೆ ಅದು ನಿಜಕ್ಕೂ ಬೇಕಾ ಎಂದು ಯೋಚಿಸಲು ಸಮಯವೇ ಸಿಗುವುದಿಲ್ಲ. ಒಂದಷ್ಟು ತಿಳಿದುಕೊಂಡರೆ ಯಾವುದು ಬೇಕು ಅಂತ ನಾವೇ ಹೇಳಬಹುದು. ಮನೆಯಲ್ಲೇ ಅಂಟಿಸಲೂಬಹುದು.

ಬೇಕಾ, ಬೇಡವಾ?

ಈಗಿನ ಸ್ಮಾರ್ಟ್‌ಫೋನ್‌ಗಳ ಗಾಜು ಕಿಟಕಿಗೆ ಹಾಕುವಂಥ ಗಾಜಲ್ಲ. ಅದನ್ನು ಸುಮಾರು 400 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಕರಗಿದ ಪೊಟ್ಯಾಸಿಯಂ ಉಪ್ಪಿನಲ್ಲಿ ಅದ್ದಿ ಇಡುತ್ತಾರೆ. ಗಾಜಿನಲ್ಲಿರುವ ಸಣ್ಣ ಸೋಡಿಯಂ ಅಯಾನುಗಳು ಹೊರಗೆ ಬರುತ್ತವೆ. ಆ ಜಾಗದಲ್ಲಿ ಅವಕ್ಕಿಂತ ದೊಡ್ಡ ಪೊಟ್ಯಾಸಿಯಂ ಅಯಾನುಗಳು ಇಕ್ಕಟ್ಟಿನಲ್ಲಿ ಕೂರುತ್ತವೆ. ಈ ಒತ್ತಡವೇ ಗಾಜಿಗೆ ಬಲ. ಹಾಗಾಗಿ ಜೇಬಿನಲ್ಲಿ ಬೀಗದ ಕೈ, ಚಿಲ್ಲರೆ ಕಾಸು ತಾಗಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಗೀರು ಬೀಳಿಸುವುದು ಮರಳು. ಗಟ್ಟಿತನ ಅಳೆಯುವ ಮೋಸ್ ಮಾಪನದಲ್ಲಿ ಫೋನಿನ ಗಾಜು ಸುಮಾರು 6ರಲ್ಲಿದೆ. ಮರಳಿನಲ್ಲಿರುವ ಕ್ವಾರ್ಟ್ಜ್ 7.

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ನಮ್ಮಲ್ಲಿ ಕಾಫಿ ಕೊಯ್ಲು. ಕಣದಲ್ಲಿ ಕಾಫಿ ಹರಡಿ, ಕೆದಕಿ, ಸಂಜೆ ರಾಶಿ ಮಾಡಿ ಬಂದವರ ಜೇಬಿನ ತಳ ಒಮ್ಮೆ ನೋಡಿ. ಸಣ್ಣ ಮರಳು ಇದ್ದೇ ಇರುತ್ತದೆ. ಫೋನ್ ಇರುವುದೂ ಅದೇ ಜೇಬಿನಲ್ಲಿ. ರಿಂಗ್ ಆದಾಗ ತೆಗೆದು, ಪ್ಯಾಂಟಿಗೆ ಒಮ್ಮೆ ಉಜ್ಜಿ ಕಿವಿಗೆ ಹಿಡಿಯುತ್ತೇವೆ, ಅಲ್ವಾ? ಆ ಉಜ್ಜುವಿಕೆಯಲ್ಲೇ ಗೀರು ಬೀಳುವುದು. ಕಣ್ಣಿಗೆ ಕಾಣದಷ್ಟು ಸಣ್ಣ ಗೀರಾದರೂ ಗಾಜಿನ ಬಲ ಕುಗ್ಗುತ್ತದೆ. ಮುಂದೊಂದು ದಿನ ಫೋನ್ ಬಿದ್ದಾಗ ಬಿರುಕು ಶುರುವಾಗುವುದು ಅಂಥ ಜಾಗದಿಂದಲೇ.

ತೋಟದಲ್ಲಿ, ಕಣದಲ್ಲಿ, ಕಟ್ಟಡ ಕೆಲಸದಲ್ಲಿ ಇರುವವರು ಖಂಡಿತ ಗ್ಲಾಸ್ ಹಾಕಿಸಿಕೊಳ್ಳಬೇಕು ಅನ್ನುವುದು ನನ್ನ ಅಭಿಪ್ರಾಯ. ಇಡೀ ದಿನ ಆಫೀಸಿನ ಮೇಜಿನ ಮೇಲೆ ಫೋನ್ ಇಡುವವರಿಗೆ ಅದು ಕಡ್ಡಾಯವೇನಲ್ಲ.

ಒಂದು ಮಾತು ಮಾತ್ರ ನೆನಪಿರಲಿ. ಕರಿಮೆಣಸು ಕೊಯ್ಯುವಾಗ ಏಣಿಯ ಮೇಲಿಂದ ಅಂಗಿ ಜೇಬಿನ ಫೋನ್ ಕೆಳಗೆ ಬಿದ್ದರೆ, ಬರೀ ಟೆಂಪರ್ಡ್ ಗ್ಲಾಸ್ ನಂಬಿ ಪ್ರಯೋಜನವಿಲ್ಲ. ಮೂಲೆಗೆ ಬೀಳುವ ಪೆಟ್ಟನ್ನು ಅದು ತಡೆಯುವುದು ಕಷ್ಟ. ಅಂಚು ಪರದೆಗಿಂತ ಸ್ವಲ್ಪ ಎತ್ತರ ಇರುವ ಒಳ್ಳೆಯ ಕವರ್ ಬೇಕೇ ಬೇಕು.

ಯಾವುದನ್ನು ಕೊಳ್ಳಬೇಕು?

ಪ್ಯಾಕೆಟ್ ಮೇಲೆ ದಪ್ಪಕ್ಷರದಲ್ಲಿ '9ಎಚ್' ಎಂದಿರುತ್ತದೆ. ಇದು ಮೋಸ್ ಮಾಪನದ 9 ಅಲ್ಲ. ಪೆನ್ಸಿಲ್‌ನಿಂದ ಗೀರಿ ನೋಡುವ ಪರೀಕ್ಷೆಯ ಅಳತೆ. 9ಎಚ್ ಪೆನ್ಸಿಲ್ ಗೀರಿದರೂ ಗುರುತು ಬೀಳದು ಎಂದಷ್ಟೇ ಅದರ ಅರ್ಥ. ಮರಳಿಗೆ ಇದೂ ಸೋಲುತ್ತದೆ. ಆದರೆ ಗೀರು ಬೀಳುವುದು ಕಡಿಮೆ ದುಡ್ಡಿನ ಗಾಜಿಗೆ, ಡಿಸ್‌ಪ್ಲೇಗೆ ಅಲ್ಲ. ನಮಗೆ ಬೇಕಾದದ್ದೂ ಅದೇ.

ನಿಮ್ಮ ಮಾಡೆಲ್‌ನ ಹೆಸರು ಪೂರ್ತಿ ಹೇಳಿಯೇ ಕೊಳ್ಳಿ. 'ಸೇಮ್ ಸೈಜ್ ಇದೆ, ಹಾಕೋಣ' ಎಂದರೆ ಒಪ್ಪಬೇಡಿ. ಕ್ಯಾಮೆರಾ, ಸೆನ್ಸರ್‌ಗಳ ಜಾಗ ತಪ್ಪಿಹೋಗುತ್ತದೆ. ಪರದೆಯ ಮೇಲೇ ಬೆರಳಚ್ಚು ಕೊಟ್ಟು ಲಾಕ್ ತೆಗೆಯುವ ಫೋನ್ ಆದರೆ ಇನ್ನೂ ಎಚ್ಚರ ಬೇಕು. ಕೆಲವು ಫೋನ್‌ಗಳು ಬೆರಳಚ್ಚನ್ನು ಬೆಳಕಿನಿಂದಲ್ಲದೆ ಅಲ್ಟ್ರಾಸೌಂಡ್‌ನಿಂದ ಓದುತ್ತವೆ. ಅಂಥವಕ್ಕೆ ದಪ್ಪ ಗಾಜು ಹಾಕಿದರೆ ಬೆರಳು ಹಿಡಿಯದೇ ಹೋಗಬಹುದು. ಅದಕ್ಕೆ ಹೊಂದುತ್ತದೆ ಎಂದು ಬರೆದಿರುವುದನ್ನೇ ನೋಡಿ. ಇಲ್ಲವಾದರೆ ತೆಳುವಾದ ಪ್ಲಾಸ್ಟಿಕ್ ಫಿಲ್ಮ್ ಸಾಕು. ಮಡಚುವ ಫೋನ್‌ನ ಒಳಪರದೆಗೆ ಕಂಪನಿಯೇ ಹಾಕಿದ ಪದರ ಇರುತ್ತದೆ. ಅದನ್ನು ಕಿತ್ತು ಗಾಜು ಅಂಟಿಸಲು ಹೋಗಲೇಬೇಡಿ.

ಇನ್ನು 'ಯುವಿ ಗ್ಲಾಸ್'. ಅಂಚು ಬಾಗಿದ ಫೋನ್‌ಗಳಿಗೆ ನೀರಿನಂಥ ಗಮ್ ಸುರಿದು, ಮೇಲೆ ಗಾಜಿಟ್ಟು, ಪುಟ್ಟ ನೀಲಿ ಲೈಟ್ ಹಿಡಿದು ಗಟ್ಟಿ ಮಾಡುತ್ತಾರೆ. ನೋಡಲು ಚೆನ್ನಾಗಿಯೇ ಕೂರುತ್ತದೆ. ಆದರೆ ಗಟ್ಟಿಯಾಗುವ ಮೊದಲು ಗಮ್ ಹರಿಯುತ್ತದೆ. ಸ್ಪೀಕರ್ ಜಾಲರಿಗೆ, ಬಟನ್ ಸಂದಿಗೆ, ಮೈಕ್‌ನ ತೂತಿಗೆ ಇಳಿದು ಅಲ್ಲೇ ಕಲ್ಲಿನಂತಾದರೆ ತೆಗೆಯುವುದು ಕಷ್ಟ. ನೂರಿನ್ನೂರು ರೂಪಾಯಿಯ ಆಸೆಗೆ ಸಾವಿರಾರು ರೂಪಾಯಿಯ ರಿಪೇರಿ ಬೇಡ. ಅಂಥ ಫೋನ್‌ಗೂ ಪ್ಲಾಸ್ಟಿಕ್ ಫಿಲ್ಮ್ ವಾಸಿ.

ಜಾಗ ಮತ್ತು ಹೊತ್ತು

ಟೆಂಪರ್ಡ್ ಗ್ಲಾಸ್ ಕೆಡುವುದು ಹೆಚ್ಚಾಗಿ ದೂಳಿನಿಂದ. ಒಂದೇ ಒಂದು ಕಣ ಒಳಗೆ ಸಿಕ್ಕಿದರೂ ಅದರ ಸುತ್ತ ಗುಳ್ಳೆ ನಿಲ್ಲುತ್ತದೆ. ಹಾಗಾಗಿ ಕೊಯ್ಲಿನ ದಿನಗಳಲ್ಲಿ ಕಣದ ಪಕ್ಕದ ಜಗಲಿಯಲ್ಲಿ ಕೂತು ಈ ಕೆಲಸ ಬೇಡ. ಬೇಸಿಗೆಯಲ್ಲಿ ಬಚ್ಚಲುಮನೆ ಒಳ್ಳೆಯದು. ಹಂಡೆಯ ಬಿಸಿನೀರು ಬಳಸಿ ಸ್ನಾನ ಮುಗಿಸಿದ ಮೇಲೆ ಆವಿ ಗಾಳಿಯ ದೂಳನ್ನು ಕೆಳಗಿಳಿಸಿರುತ್ತದೆ. ಆವಿ ಪೂರ್ತಿ ಅಡಗಿದ ಮೇಲೆ ಫೋನ್ ಒಳಗೆ ತನ್ನಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಲೆಕ್ಕ ಬೇರೆ. ಹೊರಗೆ ದೂಳಿಲ್ಲ, ನಿಜ. ಆದರೆ ಒಣಗದ ಬಟ್ಟೆಗೆ ಮನೆಯೊಳಗೇ ಹಗ್ಗ ಕಟ್ಟಿರುತ್ತೇವೆ. ಅದರಿಂದ ನೂಲಿನ ಎಳೆ ಉದುರುತ್ತಲೇ ಇರುತ್ತದೆ. ಒಲೆಯ ಬೂದಿಯೂ ಹಾರುತ್ತದೆ. ಹಾಗಾಗಿ ಬಟ್ಟೆ ಹರವದ, ಒಲೆ ಇಲ್ಲದ ಕೋಣೆ ಹುಡುಕಿ. ಮಳೆಯಿಂದ ಒಳಗೆ ತಂದ ತಣ್ಣಗಿನ ಫೋನ್‌ನ ಗಾಜಿನ ಮೇಲೆ ಮಂಜು ಕೂರುತ್ತದೆ. ಅರ್ಧ ಗಂಟೆ ಬಿಟ್ಟು ಶುರು ಮಾಡಿ. ಬೇಗ ಒಣಗಲಿ ಅಂತ ಒಲೆಯ ಪಕ್ಕ ಮಾತ್ರ ಇಡಬೇಡಿ, ಬಿಸಿಗೆ ಬ್ಯಾಟರಿ ಹಾಳಾಗುತ್ತದೆ.

ಉಣ್ಣೆಯ ಸ್ವೆಟರ್ ಹಾಕಿದ್ದರೆ ತೆಗೆದಿಡಿ. ಫ್ಯಾನ್ ಆರಿಸಿ, ಕೈ ತೊಳೆದು ಒರೆಸಿಕೊಳ್ಳಿ.

ಈಗ ಅಂಟಿಸೋಣ

ಹಳೆಯ ಗ್ಲಾಸ್ ಇದ್ದರೆ ಮೊದಲು ಅದನ್ನು ತೆಗೆಯಬೇಕು. ಒಂದು ಮೂಲೆಗೆ ಹಳೆಯ ಪ್ಲಾಸ್ಟಿಕ್ ಕಾರ್ಡ್ ತೂರಿಸಿ ನಿಧಾನಕ್ಕೆ ಎತ್ತುತ್ತಾ ಬನ್ನಿ. ಚಾಕು, ಬ್ಲೇಡ್ ಬೇಡವೇ ಬೇಡ. ಅದು ಒಡೆದು ಚೂರಾಗಿದ್ದರೆ ಇಡೀ ಮೇಲ್ಮೈಗೆ ಅಗಲದ ಸೆಲ್ಲೋ ಟೇಪ್ ಅಂಟಿಸಿ ಆಮೇಲೆ ಎತ್ತಿ. ಚೂರುಗಳು ಟೇಪಿನ ಜೊತೆಗೇ ಬರುತ್ತವೆ, ಬೆರಳು ಕೊಯ್ಯುವುದಿಲ್ಲ. ಫೋನಿನ ಸ್ವಂತ ಗಾಜೇ ಬಿರುಕು ಬಿಟ್ಟಿದ್ದರೆ ಅದರ ಮೇಲೆ ಹೊಸದನ್ನು ಹಾಕಬೇಡಿ. ಮುಂದೆ ಕೀಳುವಾಗ ಗಾಜಿನ ಚೂರೂ ಜೊತೆಗೆ ಎದ್ದು ಬರಬಹುದು.

ಫೋನ್ ಆಫ್ ಮಾಡಿ. ಪರದೆ ಕಪ್ಪಾದಾಗ ದೂಳು ಚೆನ್ನಾಗಿ ಕಾಣುತ್ತದೆ. ಪ್ಯಾಕೆಟ್‌ನಲ್ಲಿ ಬರುವ ಒದ್ದೆ ಕಾಗದದಿಂದ ಒರೆಸಿ. ಅದಿಲ್ಲದಿದ್ದರೆ ಕನ್ನಡಕ ಒರೆಸುವ ಬಟ್ಟೆಗೆ 70 ಶೇಕಡಾದ ಐಸೊಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪ ತಾಗಿಸಿಕೊಳ್ಳಿ. ಫೋನ್ ಮೇಲೆ ನೇರವಾಗಿ ಸುರಿಯಬಾರದು. ಕಿಟಕಿ ಗಾಜು ಒರೆಸುವ ಅಮೋನಿಯಾ ದ್ರವ ಬೇಡ, ಪರದೆಯ ಎಣ್ಣೆ ತಡೆಯುವ ಲೇಪ ಹೋಗುತ್ತದೆ. ಒದ್ದೆ ಆರಿದ ಮೇಲೆ ಒಣ ಬಟ್ಟೆಯಿಂದ ಒರೆಸಿ. ಆಮೇಲೆ ಅಂಟು ಸ್ಟಿಕರ್ ಅಥವಾ ಟೇಪನ್ನು ಪರದೆಯ ಉದ್ದಕ್ಕೂ ಒತ್ತಿ, ಎತ್ತಿ, ಉಳಿದ ಕಣಗಳನ್ನು ತೆಗೆಯಿರಿ. ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಇಲ್ಲಿ ಆತುರ ಮಾಡಿದರೆ ಉಳಿದದ್ದೆಲ್ಲ ವ್ಯರ್ಥ.

ಈಗ ಹಿಂದಿನ ಹಾಳೆ ತೆಗೆಯದೆಯೇ ಗಾಜನ್ನು ಫೋನ್ ಮೇಲೆ ಇಟ್ಟು ನೋಡಿ. ಕ್ಯಾಮೆರಾ, ಇಯರ್‌ಪೀಸ್‌ನ ಜಾಗ ಸರಿಹೊಂದಿಸಿ. ಎಡ ಅಂಚಿನಲ್ಲಿ ಎರಡು ಕಡೆ ಟೇಪ್ ಹಾಕಿ ಗಾಜನ್ನು ಫೋನಿಗೆ ಸೇರಿಸಿ. ಇನ್ನು ಗಾಜನ್ನು ಬಾಗಿಲು ತೆರೆದಂತೆ ಎಡಕ್ಕೆ ತೆರೆಯಬಹುದು, ಜಾಗ ಕದಲುವುದಿಲ್ಲ. ತೆರೆದು, ಹಿಂದಿನ ಹಾಳೆ ಕಿತ್ತು, ಅಂಟಿನ ಬದಿ ಮುಟ್ಟದೆ ಮತ್ತೆ ಮುಚ್ಚಿ. ಕೊನೆಯ ಅರ್ಧ ಇಂಚು ಬಂದಾಗ ಕೈ ಬಿಡಿ. ನಡುವೆ ಬೆರಳಿನಿಂದ ಒಮ್ಮೆ ಒತ್ತಿದರೆ ಸಾಕು, ಅಂಟು ತಾನಾಗಿಯೇ ಅಂಚಿನವರೆಗೆ ಹರಡುತ್ತದೆ.

ಗುಳ್ಳೆ ಉಳಿದರೆ ಗಾಬರಿ ಬೇಡ. ಬರೀ ಗಾಳಿಯದ್ದಾದರೆ ಕಾರ್ಡ್‌ನಿಂದ ಅಂಚಿನ ಕಡೆಗೆ ತಳ್ಳಿ. ತೀರಾ ಸಣ್ಣವು ಒಂದೆರಡು ದಿನದಲ್ಲಿ ಅಡಗುತ್ತವೆ. ನಡುವೆ ಚುಕ್ಕಿ ಕಾಣುವ ಗುಳ್ಳೆ ದೂಳಿನದು, ಅದು ಎಷ್ಟು ಒತ್ತಿದರೂ ಹೋಗುವುದಿಲ್ಲ. ಹತ್ತಿರದ ಮೂಲೆಯನ್ನು ಒಂದು ಟೇಪಿನಿಂದ ಎತ್ತಿ ಹಿಡಿದು, ಇನ್ನೊಂದು ಟೇಪಿನ ತುದಿಯನ್ನು ಆ ಕಣಕ್ಕೆ ತಾಗಿಸಿ ತೆಗೆಯಿರಿ. ಕಣ ಪರದೆಯ ಮೇಲೂ ಇರಬಹುದು, ಗಾಜಿನ ಅಡಿಯಲ್ಲೂ ಇರಬಹುದು. ಎರಡೂ ಕಡೆ ನೋಡಿ ನಿಧಾನಕ್ಕೆ ಇಳಿಸಿ.

ಫೋನ್ ಆನ್ ಮಾಡಿದ ಮೇಲೆ ಯಾರಿಗಾದರೂ ಒಂದು ಕರೆ ಮಾಡಿ ನೋಡಿ. ಕಿವಿಗೆ ಹಿಡಿದಾಗ ಪರದೆ ಆರಬೇಕು, ತೆಗೆದಾಗ ಹೊತ್ತಬೇಕು. ಹಾಗಾಗದಿದ್ದರೆ ಗಾಜು ಮೇಲಿನ ಸೆನ್ಸರನ್ನು ಮುಚ್ಚಿದೆ ಎಂದರ್ಥ, ಎತ್ತಿ ಸರಿಯಾಗಿ ಕೂರಿಸಿ. ಪರದೆಯ ಮೇಲೆ ಬೆರಳಚ್ಚು ಹಿಡಿಯದಿದ್ದರೆ ಹಳೆಯದನ್ನು ಅಳಿಸಿ ಹೊಸದಾಗಿ ಸೇರಿಸಿ. ಸೆಟ್ಟಿಂಗ್ಸ್‌ನಲ್ಲಿ ಟಚ್ ಸೆನ್ಸಿಟಿವಿಟಿ ಆಯ್ಕೆ ಇದ್ದರೆ ಅದನ್ನೂ ಆನ್ ಮಾಡಿಕೊಳ್ಳಿ.