ಹಿಂದೆ ಬಿದ್ದ ಮಗುವಿಗೆ ನಿಮ್ಮಲ್ಲಿ ಏನು ಮಾಡ್ತೀರಿ?

ದೊಡ್ಡ ಮಗನಿಗೆ ಹೈಸ್ಕೂಲು ಹುಡುಕಿದಾಗ ನಾವು ನೋಡಿದ್ದು ರಿಸಲ್ಟು ಒಂದನ್ನೇ. ಎಲ್ಲರೂ ಹೊಗಳುವ ಶಾಲೆ, ಸೀಟು ಸಿಕ್ಕಿದ್ದೇ ಪುಣ್ಯ ಅಂದುಕೊಂಡೆವು. ಅಲ್ಲಿಯವರೆಗೆ ತರಗತಿಯ ಮೊದಲ ಐದು ಮಕ್ಕಳಲ್ಲಿ ಇರುತ್ತಿದ್ದ ಹುಡುಗ ಆ ಶಾಲೆಯಲ್ಲಿ ಕೊನೆಯ ಹತ್ತರೊಳಗೆ ಬಂದ. ಕಲಿತಿದ್ದ ಲೆಕ್ಕವೇನೂ ಮರೆತಿರಲಿಲ್ಲ. ಆದರೆ 'ನಂಗೆ ಲೆಕ್ಕ ಬರಲ್ಲ' ಅನ್ನುವುದು ಮನಸ್ಸಿನಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು. ಕ್ಲಾಸಿನಲ್ಲಿ ಕೈಯೆತ್ತುವುದನ್ನೇ ನಿಲ್ಲಿಸಿದ. ಎರಡು ವರ್ಷ ಕಾದು ಶಾಲೆ ಬದಲಾಯಿಸಿದೆವು. ಆ ಎರಡು ವರ್ಷ ನೆನೆದರೆ ನನಗೆ ಈಗಲೂ ಹೊಟ್ಟೆ ಕಿವುಚಿದಂತಾಗುತ್ತದೆ.

ಆಗಿದ್ದೇನು ಅಂತ ತಿಳಿದದ್ದು ಆಮೇಲೆ, ಓದುತ್ತಾ ಹೋದಾಗ. ಹರ್ಬರ್ಟ್ ಮಾರ್ಷ್ ಎಂಬ ಮನಶ್ಶಾಸ್ತ್ರಜ್ಞರು 1984ರಲ್ಲಿ, ಸಿಡ್ನಿಯಲ್ಲಿದ್ದಾಗ, ಇದನ್ನು ಸಹೋದ್ಯೋಗಿಯೊಬ್ಬರ ಜೊತೆ ಸೇರಿ ಬರೆದಿದ್ದರು. ಒಂದೇ ಮಟ್ಟದ ಇಬ್ಬರು ಮಕ್ಕಳಲ್ಲಿ ಒಬ್ಬನನ್ನು ಬಹಳ ಚುರುಕಾದವರ ನಡುವೆ ಕೂರಿಸಿದರೆ, ಅವನು ತನ್ನ ಬಗ್ಗೆ ಇನ್ನೊಬ್ಬನಿಗಿಂತ ಕಡಿಮೆ ಅಂದಾಜು ಕಟ್ಟಿಕೊಳ್ಳುತ್ತಾನೆ. ಮಗು ತನ್ನನ್ನು ಅಳೆದುಕೊಳ್ಳುವುದು ಪಕ್ಕದ ಬೆಂಚಿನವನ ಜೊತೆ ತಾನೆ. ಹೆಸರುವಾಸಿ ಶಾಲೆಯಿಂದ ಕಲಿಕೆಯಾದರೂ ಹೆಚ್ಚುತ್ತದೆಯೇ ಎಂದರೆ, ಬಾಸ್ಟನ್ ಮತ್ತು ನ್ಯೂಯಾರ್ಕಿನ ಪ್ರವೇಶ ಪರೀಕ್ಷೆಯ ಶಾಲೆಗಳ ಮೇಲೆ ಅರ್ಥಶಾಸ್ತ್ರಜ್ಞ ಜಾಶುವಾ ಆಂಗ್ರಿಸ್ಟ್ ಮತ್ತು ಜೊತೆಗಾರರು ಮಾಡಿದ ಅಧ್ಯಯನ 2014ರಲ್ಲಿ ಪ್ರಕಟವಾಗಿದೆ. ಕಟ್ ಆಫ್‌ಗಿಂತ ಕೂದಲೆಳೆಯಷ್ಟು ಮೇಲಿದ್ದು ಸೀಟು ಪಡೆದವರಿಗೂ, ಕೂದಲೆಳೆಯಷ್ಟರಲ್ಲಿ ಸೀಟು ತಪ್ಪಿದವರಿಗೂ ಮುಂದಿನ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಅವರಿಗೆ ಕಾಣಲಿಲ್ಲ. ಅಂದರೆ ಆ ಶಾಲೆಗಳ ಒಳ್ಳೆಯ ರಿಸಲ್ಟಿನಲ್ಲಿ ಬಹುಪಾಲು ಮಕ್ಕಳು ಬರುವಾಗಲೇ ತಂದದ್ದು.

ಮಗಳ ಸರದಿ ಬಂದಾಗ ನಾನು ಬೇರೆಯೇ ಪ್ರಶ್ನೆ ಹಿಡಿದು ಹೊರಟೆ. ಅವಳು ಮಧ್ಯದ ಸಾಲಿನವಳು. ಭಾಷೆ ಚೆನ್ನಾಗಿದೆ, ಲೆಕ್ಕದಲ್ಲಿ ತಡವರಿಸುತ್ತಾಳೆ. ಹಾಗಾಗಿ ಹೋದ ನಾಲ್ಕೂ ಶಾಲೆಗಳಲ್ಲಿ ಮುಖ್ಯಸ್ಥರನ್ನು ಕೇಳಿದೆ: ಒಂದು ಮಗು ಹಿಂದೆ ಬಿದ್ದರೆ ನೀವು ಏನು ಮಾಡ್ತೀರಿ?

ಒಬ್ಬರು, ನಮ್ಮಲ್ಲಿ ಅಂಥ ಮಕ್ಕಳೇ ಇಲ್ಲ ಅಂದರು. ಇನ್ನೊಬ್ಬರು, ಮನೆಯಲ್ಲಿ ಟ್ಯೂಷನ್ ಹಾಕಿಸಬೇಕಾಗುತ್ತದೆ, ಪೋಷಕರ ಸಹಕಾರ ಮುಖ್ಯ ಅಂದರು. ಮೂರನೆಯವರು ಹೊಸ ಕಂಪ್ಯೂಟರ್ ಕೋಣೆಗೆ ಕರೆದುಕೊಂಡು ಹೋದರು. ನಾಲ್ಕನೆಯ ಶಾಲೆಯ ಮೇಡಂ ಡ್ರಾಯರ್ ಎಳೆದು ಅಂಚು ಮುದುಡಿದ ಒಂದು ಉದ್ದ ನೋಟ್ ಬುಕ್ ತೆಗೆದರು. ಮಕ್ಕಳ ಹೆಸರಿನ ಮೇಲೆ ಕೈ ಮುಚ್ಚಿಕೊಂಡು ಉಳಿದದ್ದನ್ನು ತೋರಿಸಿದರು. ಯಾವ ಮಗುವಿಗೆ ಯಾವ ಪಾಠ ಹತ್ತಿಲ್ಲ, ಯಾರು ಕೂರಿಸಿಕೊಂಡು ಹೇಳಿಕೊಟ್ಟರು, ಮತ್ತೆ ಯಾವಾಗ ಪರೀಕ್ಷಿಸಿದರು, ಎಲ್ಲಕ್ಕೂ ತಾರೀಖು. ಹೆಸರು ಮುಚ್ಚಿದ ಆ ಕೈ ನನಗೆ ಬಹಳ ಹಿಡಿಸಿತು.

ರಿಸಲ್ಟನ್ನು ಪೂರ್ತಿ ಕೈಬಿಡಲಿಲ್ಲ, ಆದರೆ ಕೇಳುವ ರೀತಿ ಬದಲಾಯಿಸಿದೆ. ಬೋರ್ಡಿನ ಮೇಲೆ ನೂರಕ್ಕೆ ನೂರು ಅಂತ ಇದ್ದರೆ, ಯಾವ ನೂರು ಎನ್ನುವುದು ಪ್ರಶ್ನೆ. ಮೊದಲ ವರ್ಷ 120 ಮಕ್ಕಳು ಸೇರಿ, ಕೊನೆಯ ಪರೀಕ್ಷೆಗೆ 90 ಮಂದಿ ಮಾತ್ರ ಕೂತು, ಅವರೆಲ್ಲ ಪಾಸಾದರೂ ರಿಸಲ್ಟು ನೂರೇ. ಸೇರಿದವರ ಲೆಕ್ಕದಲ್ಲಿ ಅದು 75. ಉಳಿದ 30 ಮಕ್ಕಳು ಎಲ್ಲಿ ಹೋದರು? ಕೆಲವರ ಅಪ್ಪ ಅಮ್ಮನಿಗೆ ವರ್ಗವಾಗಿರಬಹುದು. ಆದರೆ 'ನಿಮ್ಮ ಮಗುವಿಗೆ ಬೇರೆ ಶಾಲೆ ನೋಡಿಕೊಳ್ಳಿ' ಎಂದು ಪರೀಕ್ಷೆಗೆ ಮೊದಲೇ ಮೆಲ್ಲಗೆ ಕಳಿಸುವ ಶಾಲೆಗಳೂ ಇವೆ. ಆ ಮಾತು ನಾನು ದೊಡ್ಡವನ ಶಾಲೆಯಲ್ಲಿ ಕಿವಿಯಾರೆ ಕೇಳಿಸಿಕೊಂಡಿದ್ದೇನೆ. ಸೇರಿದವರೆಷ್ಟು, ಕೂತವರೆಷ್ಟು ಅನ್ನುವ ಎರಡು ಅಂಕಿಗಳನ್ನು ದಯವಿಟ್ಟು ಕೇಳಿ. ಹೇಳಲು ಹಿಂಜರಿದರೆ ಅದೂ ಒಂದು ಉತ್ತರವೇ.

ನಾನು ಕಂಡುಕೊಂಡ ಇನ್ನೊಂದು ದಾರಿ, ಮಕ್ಕಳ ನೋಟ್ ಬುಕ್. ಆ ಶಾಲೆಗಳಲ್ಲಿ ಓದುವ ಪರಿಚಯದ ಮಕ್ಕಳ ಮನೆಗೆ ಹೋಗಿ, ಅವರನ್ನೇ ಕೇಳಿ ಲೆಕ್ಕದ ಪುಸ್ತಕ ನೋಡಿದೆ. ಚೆನ್ನಾಗಿ ಓದುವ ಮಗುವಿನದಲ್ಲ, ಸಾಧಾರಣ ಮಗುವಿನದು. ಒಂದರಲ್ಲಿ ಎಕ್ಸ್‌ಗೆ 7 ಕೂಡಿದರೆ 12 ಅನ್ನುವ ಸಮೀಕರಣ ಇತ್ತು. ಹುಡುಗ ಪಕ್ಷಾಂತರ ಮಾಡುವಾಗ ಚಿಹ್ನೆ ಬದಲಿಸದೆ ಉತ್ತರ 19 ಅಂತ ಬರೆದಿದ್ದ. ಅದರ ಮೇಲೆಯೇ ಕೆಂಪು ಶಾಯಿಯಲ್ಲಿ ದೊಡ್ಡ ರೈಟ್ ಮಾರ್ಕು, ಕೆಳಗೆ ಸಹಿ. ನಾಲ್ಕನೆಯ ಶಾಲೆಯ ಹುಡುಗಿಯ ಪುಸ್ತಕದಲ್ಲೂ ಅಂಥದೇ ತಪ್ಪು ಸಿಕ್ಕಿತು. ಅಲ್ಲಿ ಟೀಚರ್ ತಪ್ಪಾದ ಸಾಲಿಗೆ ಮಾತ್ರ ಗೆರೆ ಎಳೆದು, 'ಈ ಕಡೆ ಬಂದಾಗ ಚಿಹ್ನೆ ಏನಾಗಬೇಕು? ಮತ್ತೆ ಮಾಡು' ಎಂದು ಬರೆದಿದ್ದರು. ಕೆಳಗೆ ಹುಡುಗಿ ಮತ್ತೆ ಮಾಡಿದ್ದಳು. ಅದನ್ನೂ ಟೀಚರ್ ನೋಡಿದ ಗುರುತಿತ್ತು. ನನ್ನ ಮಟ್ಟಿಗೆ ತೀರ್ಮಾನ ಅರ್ಧ ಅಲ್ಲೇ ಆಯಿತು.

ಲ್ಯಾಬು, ಲೈಬ್ರರಿ ನೋಡುವಾಗ ಹೊಳಪಿಗೆ ಮರುಳಾಗಬೇಡಿ. ಮೇಜಿನ ಮೇಲೆ ಆಸಿಡ್ಡಿನ ಕಲೆ, ಸುಟ್ಟ ಗುರುತು ಇದ್ದರೆ ಅಲ್ಲಿ ಮಕ್ಕಳು ಕೆಲಸ ಮಾಡುತ್ತಾರೆ ಅಂತ ಅರ್ಥ. ಹೆಣ್ಣುಮಕ್ಕಳ ಶೌಚಾಲಯಕ್ಕೆ ಮಾತ್ರ ನಾನು ಒಳಗೆ ಹೋಗಿಯೇ ನೋಡಿದೆ. ನೀರು, ಚಿಲಕ, ಮುಚ್ಚಳವಿರುವ ಕಸದ ಬುಟ್ಟಿ. ಇವಿಲ್ಲದ ಕಡೆ ಹುಡುಗಿಯರು ದಿನವಿಡೀ ನೀರು ಕುಡಿಯದೆ ಕೂರುತ್ತಾರೆ.

ದೂರದ ವಿಷಯದಲ್ಲಿ ಮನೆಯಲ್ಲಿ ಜಗಳವೇ ಆಯಿತು. ಮೂರನೆಯ ಶಾಲೆ ಇವರಿಗೆ ಇಷ್ಟವಾಗಿತ್ತು, ಒಂದು ಗಂಟೆಯ ದಾರಿ ತಾನೆ ಅಂದರು. ಶಾಲೆಯ ಹೊತ್ತಿಗೆ ಸರಿಯಾಗಿ ಎರಡು ಬೆಳಿಗ್ಗೆ ಮಗಳ ಜೊತೆ ಹೋಗಿ ನೋಡಿದೆ. ಅವಳು ಐದೂವರೆಗೆ ಏಳಬೇಕಿತ್ತು. ರಾತ್ರಿ ಹತ್ತೂವರೆಯಾದರೂ ನಿದ್ದೆ ಬರಲ್ಲ ಅಂತ ಹೊರಳಾಡುತ್ತಾಳೆ, ನಾನು ಹಟ ಅಂದುಕೊಂಡಿದ್ದೆ. ಹಟವಲ್ಲ. ಈ ವಯಸ್ಸಿನಲ್ಲಿ ದೇಹದ ಗಡಿಯಾರವೇ ತಡವಾಗುತ್ತದೆ, ನಿದ್ದೆ ತರಿಸುವ ಮೆಲಟೋನಿನ್ ತಡವಾಗಿ ಏರುತ್ತದೆ. ಹದಿಮೂರರಿಂದ ಹದಿನೆಂಟರವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲೇ, ಈ ವಯಸ್ಸಿನವರ ಶಾಲೆ ಬೆಳಿಗ್ಗೆ ಎಂಟೂವರೆಗೆ ಮೊದಲು ಶುರುವಾಗಬಾರದು ಎಂದು ಹೇಳಿತ್ತು. ಲೆಕ್ಕ ಹಾಕಿ ತೋರಿಸಿದ ಮೇಲೆ ಇವರೂ ಒಪ್ಪಿದರು.

ಕೊನೆಗೆ ಮಗಳನ್ನು ಒಂದು ದಿನ ಆ ನಾಲ್ಕನೆಯ ಶಾಲೆಯ ತರಗತಿಯಲ್ಲಿ ಕೂರಲು ಬಿಡುತ್ತೀರಾ ಎಂದು ಕೇಳಿದೆ. ಬಿಟ್ಟರು. ಸಂಜೆ ಬಂದವಳು, "ಅಮ್ಮಾ, ಅಲ್ಲಿ ಒಬ್ಬ ತಪ್ಪು ಉತ್ತರ ಹೇಳಿದ, ಯಾರೂ ನಗಲಿಲ್ಲ" ಅಂದಳು. ಬೇರೇನೂ ಕೇಳಬೇಕು ಅನ್ನಿಸಲಿಲ್ಲ.

ಆ ಶಾಲೆಯಲ್ಲಿ ಕೊರತೆಗಳಿವೆ. ಆಟದ ಮೈದಾನ ಚಿಕ್ಕದು. ಸಂಗೀತಕ್ಕೆ ಟೀಚರ್ ಇಲ್ಲ, ಹಾಡುವ ಹುಚ್ಚಿರುವ ನನ್ನ ಮಗಳಿಗೆ ಅದು ನಿಜವಾದ ನಷ್ಟ. ತಿಳಿದೇ ಸೇರಿಸಿದೆವು.

ಮೊದಲ ಕಿರುಪರೀಕ್ಷೆಯಲ್ಲಿ ಲೆಕ್ಕಕ್ಕೆ 25ಕ್ಕೆ 9 ಬಂತು. ನಾನು ಶಾಲೆಗೆ ಹೋಗೋಣ ಅಂದುಕೊಳ್ಳುವಷ್ಟರಲ್ಲೇ ಡೈರಿಯಲ್ಲಿ ಟೀಚರ್ ಬರೆದು ಕಳಿಸಿದ್ದರು: 'ಭಿನ್ನರಾಶಿ ಇನ್ನೂ ಗಟ್ಟಿಯಾಗಿಲ್ಲ, ಅದಕ್ಕೇ ಬೀಜಗಣಿತ ಹತ್ತುತ್ತಿಲ್ಲ. ಮಂಗಳವಾರ, ಶುಕ್ರವಾರ ಅರ್ಧ ಗಂಟೆ ಉಳಿಸಿಕೊಳ್ಳುತ್ತೇನೆ.' ಮಗಳು ಡೈರಿ ನನ್ನ ಮುಂದೆ ಹಿಡಿದು, "ಮಂಗಳವಾರ ಲೇಟಾಗಿ ಬರ್ತೀನಿ, ಕಾಯಬೇಡ" ಅಂದಳು.