ಗೇಟಿನ ಸ್ಟ್ರೆಸ್ ಚಿತ್ರದಲ್ಲಿ ಸುಳ್ಳು ಕಲೆಗಳು: ಯಾವುದನ್ನು ತೆಗೆಯಬೇಕು, ಯಾವುದನ್ನು ಬಿಡಬೇಕು

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ (ಟಿ.ಬಿ.) ಡ್ಯಾಂನ 19ನೇ ಗೇಟಿನ ಚೈನು ಕಿತ್ತುಹೋಯಿತು. ಅಲ್ಲಿನ ಕ್ರೆಸ್ಟ್ ಗೇಟು (ಡ್ಯಾಂನ ಮೇಲ್ಭಾಗದಲ್ಲಿ ನೀರು ಹೊರಬಿಡುವ ಗೇಟು) 60 ಅಡಿ ಅಗಲ, 20 ಅಡಿ ಎತ್ತರ. ನೀರು ಮೇಲಂಚಿನವರೆಗೆ ನಿಂತರೆ ತಳದಂಚಿನಲ್ಲಿ ಒತ್ತಡ ಸುಮಾರು 60 ಕಿಲೋಪಾಸ್ಕಲ್. ಇಂಥ ಗೇಟಿನ ಸ್ಟ್ರೆಸ್ (ಉಕ್ಕಿನೊಳಗಿನ ಒತ್ತಡ) ಲೆಕ್ಕ ಹಾಕಿದ ಕಂಪ್ಯೂಟರ್ ಮಾಡೆಲನ್ನು, ಫಲಿತಾಂಶವನ್ನು ಬಣ್ಣದಲ್ಲಿ ತೋರಿಸುವ ಪ್ಯಾರಾವ್ಯೂ ಸಾಫ್ಟ್‌ವೇರಿನಲ್ಲಿ ತೆರೆದಾಗ ಹೆಚ್ಚು ಸ್ಟ್ರೆಸ್ ಎಂದು ಕಾಣುವ ಕೆಂಪು ಚುಕ್ಕೆ ಉಕ್ಕಿನಲ್ಲಿದೆಯೋ, ಪರದೆಯ ಮೇಲಷ್ಟೇ ಇದೆಯೋ ಎಂಬುದನ್ನು ಮೊದಲು ತಿಳಿಯಬೇಕು. ಪರದೆಯ ದೋಷವನ್ನು ಧಾರಾಳವಾಗಿ ತೆಗೆಯಿರಿ. ಲೆಕ್ಕದ ದೋಷವನ್ನು ಬಣ್ಣ ಬಳಿದು ಮುಚ್ಚಬೇಡಿ.

ಮೌಸ್ ಹಿಡಿದು ಮಾಡೆಲನ್ನು ನಿಧಾನವಾಗಿ ತಿರುಗಿಸಿ. ಕಲೆ ಮಿನುಗಿದರೆ, ಜಾಗ ಬದಲಿಸಿದರೆ ಅದು ಚಿತ್ರದ ದೋಷ. ಇದ್ದಲ್ಲೇ ನಿಂತರೆ ಡೇಟಾದಲ್ಲೇ ಏನೋ ಇದೆ.

ಮಿನುಗಲು ಸಾಮಾನ್ಯ ಕಾರಣ, ಒಂದೇ ಜಾಗದಲ್ಲಿ ಎರಡು ಮೇಲ್ಮೈಗಳು ಕೂತಿರುವುದು. ಒಂದೇ ಫೈಲನ್ನು ಎರಡು ಫಿಲ್ಟರ್‌ಗಳ ಮೂಲಕ ತೋರಿಸುತ್ತಿದ್ದರೆ ಪೈಪ್‌ಲೈನ್ ಪಟ್ಟಿಯಲ್ಲಿ ಒಂದರ ಕಣ್ಣಿನ ಗುರುತು ಆರಿಸಿ, ಅಷ್ಟೇ ಸಾಕು. ನೋಡ್‌ಗಳು (ಮಾಡೆಲನ್ನು ಕಟ್ಟಿರುವ ಬಿಂದುಗಳು) ಒಂದೇ ಜಾಗದಲ್ಲಿ ಜೋಡಿಜೋಡಿಯಾಗಿ ಉಳಿದು ಒಳಗಿನ ಮುಖಗಳು ಇಣುಕುತ್ತಿದ್ದರೆ ಅವನ್ನು ಒಂದಾಗಿಸುವ 'ಕ್ಲೀನ್ ಟು ಗ್ರಿಡ್' ಫಿಲ್ಟರ್ ಹಾಕಿ. ಆದರೆ ಕಾಂಟ್ಯಾಕ್ಟ್ ಇರುವ (ಒಂದಕ್ಕೊಂದು ತಾಗಿದ್ದರೂ ಬೇರೆಯಾಗಿಯೇ ಇರುವ) ಎರಡು ಭಾಗಗಳ ನಡುವೆ ಇದನ್ನು ಹಾಕಬಾರದು. ಬೇರೆಬೇರೆ ಇರಬೇಕಾದ ನೋಡ್‌ಗಳು ಅಂಟಿಕೊಳ್ಳುತ್ತವೆ.

ನಮ್ಮ ಕಡೆಯ ಸರ್ವೆ ನಕ್ಷೆಯಿಂದ ನೇರವಾಗಿ ಮಾಡೆಲ್ ಕಟ್ಟುವವರಿಗೆ ಇನ್ನೊಂದು ತೊಂದರೆ ಕಾದಿರುತ್ತದೆ. ಕೊಪ್ಪಳ, ಬಳ್ಳಾರಿ, ರಾಯಚೂರು ಮೂರೂ ಯುಟಿಎಂ ಎಂಬ ನಕ್ಷೆ ಪದ್ಧತಿಯ 43ನೇ ವಲಯದಲ್ಲಿವೆ; ಡ್ಯಾಂ ಇರುವ ಮುನಿರಾಬಾದ್ ಸುತ್ತ ನಾರ್ದಿಂಗ್ (ಸಮಭಾಜಕದಿಂದ ಉತ್ತರಕ್ಕಿರುವ ದೂರ) ಬೆಲೆ ಹದಿನಾರು ಲಕ್ಷ ಮೀಟರ್ ದಾಟುತ್ತದೆ. ಅಷ್ಟು ದೊಡ್ಡ ಸಂಖ್ಯೆಯನ್ನು 32 ಬಿಟ್‌ನ ದಶಮಾಂಶ ಸಂಖ್ಯೆಯಾಗಿ (ಫ್ಲೋಟ್) ಬರೆದರೆ ಪಕ್ಕಪಕ್ಕದ ಎರಡು ಬೆಲೆಗಳ ನಡುವಿನ ಅಂತರವೇ 0.125 ಮೀಟರ್, ಅಂದರೆ ಹನ್ನೆರಡೂವರೆ ಸೆಂಟಿಮೀಟರ್. 12 ಮಿಲಿಮೀಟರ್ ದಪ್ಪದ ಪ್ಲೇಟು ಅದರಲ್ಲಿ ಉಳಿಯುವುದೆಲ್ಲಿ? ಅಂಚು ಗರಗಸದ ಹಲ್ಲಿನಂತಾಗುತ್ತದೆ, ತಿರುಗಿಸಿದರೆ ಇಡೀ ಮಾಡೆಲ್ ನಡುಗುತ್ತದೆ. ಫೈಲ್ ಬರೆದಾದ ಮೇಲೆ ಮಾಡೆಲನ್ನು ಸರಿಸುವ 'ಟ್ರಾನ್ಸ್‌ಫಾರ್ಮ್' ಹಾಕಿ ಪ್ರಯೋಜನವಿಲ್ಲ, ಕಳೆದುಹೋದ ಅಂಕಿಗಳು ಮರಳಿ ಬರುವುದಿಲ್ಲ. ಮೆಶ್ ಮಾಡುವ (ಮಾಡೆಲನ್ನು ಎಲಿಮೆಂಟ್ ಎಂಬ ಸಣ್ಣ ತುಂಡುಗಳಾಗಿ ಒಡೆಯುವ) ಮೊದಲೇ ಗೇಟಿನ ಒಂದು ಮೂಲೆಯನ್ನು ಸೊನ್ನೆ ಎಂದುಕೊಂಡು ಎಲ್ಲ ಅಳತೆಗಳಿಂದ ಅದರ ಬೆಲೆ ಕಳೆಯಿರಿ. ಕಳೆದ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.

ವಕ್ರ ಅಂಚು ಮುರುಕು ಗೆರೆಯಂತೆ ಕಂಡರೆ, ಮೆಶ್ ಸೆಕೆಂಡ್ ಆರ್ಡರ್‌ನದ್ದಾಗಿದ್ದರೆ (ಎಲಿಮೆಂಟಿನ ಅಂಚಿನ ನಡುವೆಯೂ ನೋಡ್ ಇದ್ದರೆ), 'ನಾನ್‌ಲೀನಿಯರ್ ಸಬ್‌ಡಿವಿಷನ್ ಲೆವೆಲ್' 1ರಿಂದ 3ಕ್ಕೆ ಏರಿಸಿ. ಎರಡು ಭಾಗಗಳು ಒಂದರೊಳಗೊಂದು ನುಗ್ಗಿದಂತಿದ್ದರೆ ಬಾಗುವಿಕೆಯನ್ನು ಹಿಗ್ಗಿಸಿ ತೋರಿಸುವ 'ವಾರ್ಪ್ ಬೈ ವೆಕ್ಟರ್' ಫಿಲ್ಟರಿನ ಸ್ಕೇಲನ್ನು 1 ಮಾಡಿ ನೋಡಿ. ಕಾಮನಬಿಲ್ಲಿನ ಬಣ್ಣಗಳು ಇಲ್ಲದ ಪಟ್ಟೆಗಳನ್ನು ತೋರಿಸುತ್ತವೆ, 'ವಿರಿಡಿಸ್' ಬಣ್ಣಪಟ್ಟಿ ಬಳಸಿ.

ಸರಾಸರಿಯ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಎಲಿಮೆಂಟ್‌ಗಳ ಬೆಲೆಯನ್ನು ಸರಾಸರಿ ಮಾಡಿ ನೋಡ್‌ಗಳಿಗೆ ಕೊಡುವ 'ಸೆಲ್ ಡೇಟಾ ಟು ಪಾಯಿಂಟ್ ಡೇಟಾ' ಹಾಕಿದರೆ ಚೌಕಚೌಕ ಬಣ್ಣ ನಯವಾಗುತ್ತದೆ ನಿಜ. ಆದರೆ ನೀರು ತಡೆಯುವ ಸ್ಕಿನ್ ಪ್ಲೇಟೂ ಅದರ ಹಿಂದಿನ ಗರ್ಡರೂ (ತೊಲೆ) ಕೂಡುವಲ್ಲಿ ದಪ್ಪ ಬೇರೆ, ಸ್ಟ್ರೆಸ್ ಬೇರೆ. ಎರಡನ್ನೂ ಕಲಸಿ ಸರಾಸರಿ ಮಾಡಿದರೆ ದೊಡ್ಡದು ಕಿರಿದಾಗಿ ಕಾಣುತ್ತದೆ, ಅಪಾಯ ಮರೆಯಾಗುತ್ತದೆ. ಮೊದಲು 'ಥ್ರೆಶೋಲ್ಡ್' ಹಾಕಿ ಭಾಗದ ಸಂಖ್ಯೆಯ ಪ್ರಕಾರ ಬಿಡಿಸಿ, ಆಮೇಲೆ ಪ್ರತಿ ಭಾಗಕ್ಕೂ ಪ್ರತ್ಯೇಕವಾಗಿ ಸರಾಸರಿ ಮಾಡಿ.

ಇನ್ನು ಒಂದೇ ನೋಡಿನಲ್ಲಿ ಉರಿಯುವ ಕೆಂಪು. ಒಳಮೂಲೆ, ಒಂದೇ ಬಿಂದುವಿನ ಆಸರೆ ಇದ್ದಲ್ಲಿ ಇದು ಬರುತ್ತದೆ. ಮೆಶ್ ಅಳತೆ ಅರ್ಧ ಮಾಡಿ ಮತ್ತೆ ಓಡಿಸಿ. ಗರಿಷ್ಠ ಬೆಲೆ ಒಂದು ಕಡೆ ನಿಂತರೆ ಅದನ್ನು ನಂಬಬಹುದು. ಪ್ರತಿ ಸಲ ಏರುತ್ತಲೇ ಹೋದರೆ ಆ ಸಂಖ್ಯೆಗೆ ಅರ್ಥವಿಲ್ಲ. ಮೂಲೆಗೆ ನಿಜವಾದ ದುಂಡು ಕೊಟ್ಟು ಮಾಡೆಲ್ ತಿದ್ದಿ. ಉಳಿದ ಪ್ಲೇಟಿನ ಬಣ್ಣ ಕಾಣಬೇಕೆಂದರೆ ಸ್ಕೇಲನ್ನು 0ರಿಂದ 250 ಮೆಗಾಪಾಸ್ಕಲ್‌ಗೆ ಕಟ್ಟಿ, ಇದು ಇ250 ಉಕ್ಕಿನ ಈಲ್ಡ್ ಮಿತಿ (ಇದನ್ನು ದಾಟಿದರೆ ಉಕ್ಕು ಮೊದಲಿನ ಆಕಾರಕ್ಕೆ ಮರಳುವುದಿಲ್ಲ). ಜೊತೆಗೆ 'ಅಬೋವ್ ರೇಂಜ್ ಕಲರ್' ಹಚ್ಚಿ ಎದ್ದುಕಾಣುವ ಬೇರೆ ಬಣ್ಣ ಕೊಡಿ. ಮಿತಿ ಮೀರಿದ ಜಾಗ ಆಗ ಯಾರ ಕಣ್ಣಿಗೂ ತಪ್ಪುವುದಿಲ್ಲ.

ಚದುರಂಗದ ಮಣೆಯಂತೆ ಒಂದು ಬಿಟ್ಟು ಒಂದು ಬಣ್ಣ ಬಂದರೆ ಯಾವ ಫಿಲ್ಟರನ್ನೂ ಮುಟ್ಟಬೇಡಿ. ರೆಡ್ಯೂಸ್ಡ್ ಇಂಟಿಗ್ರೇಷನ್ (ಕಡಿಮೆ ಬಿಂದುಗಳಲ್ಲಿ ಲೆಕ್ಕ ಹಾಕುವ) ಎಲಿಮೆಂಟ್‌ಗಳಲ್ಲಿ ಅವರ್‌ಗ್ಲಾಸ್, ಅಂದರೆ ಸ್ಟ್ರೆಸ್ ಇಲ್ಲದೆಯೇ ಎಲಿಮೆಂಟ್ ಸೊಟ್ಟಗಾಗುವ ಲೆಕ್ಕದ ದೋಷ ಸೇರಿಕೊಂಡಿರಬಹುದು. ಸಾಲ್ವರ್ (ಲೆಕ್ಕ ಮಾಡಿದ ಪ್ರೋಗ್ರಾಂ) ಬರೆದ ಫೈಲಿನಲ್ಲಿ ಅವರ್‌ಗ್ಲಾಸ್ ಎನರ್ಜಿ ನೋಡಿ. ಒಟ್ಟು ಇಂಟರ್ನಲ್ ಎನರ್ಜಿಯ 5ರಿಂದ 10 ಶೇಕಡಾ ಮೀರಿದ್ದರೆ ಮೆಶ್ ಕಿರಿದು ಮಾಡಿ, ಇಲ್ಲವೇ ಫುಲ್ ಇಂಟಿಗ್ರೇಷನ್ ಎಲಿಮೆಂಟ್ ಹಾಕಿ, ಮತ್ತೆ ಓಡಿಸಿ.